ಮನೆ ಒಕ್ಕಲಿಗೆ ಕೊಟ್ಟ ಲೈನು

ಆ ತಿಂಗಳ ಕರೆಂಟು ಬಿಲ್ಲು ನನಗೆ ಬಿದ್ದದ್ದು ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ಅದರ ಹಿಂದೆ ವರ್ಷಗಟ್ಟಲೆ ಬರುತ್ತಿದ್ದದ್ದು ಸೊನ್ನೆ. ಎರಡು ಸಾವಿರ ಈಗಿನ ಕಾಲದಲ್ಲಿ ದೊಡ್ಡ ಮೊತ್ತವೇ ಅಲ್ಲ ಎಂದು ನೀವು ಹೇಳಬಹುದು, ನಾನೂ ಒಪ್ಪುತ್ತೇನೆ. ಆದರೆ ಒಂದು ವಸ್ತುವಿನ ಕ್ರಯ ಸೊನ್ನೆಯಿಂದ ಎರಡು ಸಾವಿರಕ್ಕೆ ಹಾರಿದರೆ ನಡುವೆ ಯಾರದೋ ಕೈ ಉಂಟು ಎಂಬುದು ನನ್ನ ವ್ಯಾಪಾರ ನನಗೆ ಕಲಿಸಿದ ಪಾಠ. ಕಾರಣ ಬಿಲ್ಲಿನಲ್ಲೇ ಇತ್ತು: ಇನ್ನೂರು ಯೂನಿಟ್ಟಿನ ಗೆರೆ ದಾಟಿತ್ತು. ದಾಟಿಸಿದವರು ಯಾರು ಎಂದು ಹುಡುಕುತ್ತ ಹೋದ ನಾನು ಕೊನೆಗೆ ಬಂದು ನಿಂತದ್ದು ಆಚೆಮನೆಯ ಹಿತ್ತಿಲಿನಲ್ಲಿ, ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದುಕೊಂಡು. ಒಳಗೆ ಒಬ್ಬಳು ಬಾಣಂತಿ, ಅವಳ ಪಕ್ಕದಲ್ಲಿ ತಿಂಗಳು ತುಂಬದ ಮಗು. ನಾನು ವಯರು ಕತ್ತರಿಸಿದರೆ ಆ ಮನೆಗೆ ಬೆಳಕಿಲ್ಲ, ಬಿಸಿನೀರಿಲ್ಲ. ಕತ್ತರಿಸದೆ ಬಿಟ್ಟರೆ ಮರುದಿನ ಕರೆಂಟು ಆಫೀಸಿನವರು ಬಂದು ಕತ್ತರಿಸುತ್ತಾರೆ, ಜೊತೆಗೆ ಎರಡೂ ಮನೆಯ ಮೇಲೆ ಕೇಸು.

ಅಲ್ಲಿಗೆ ಹೇಗೆ ಬಂದು ಮುಟ್ಟಿದೆ ಎಂಬುದನ್ನು ಹೇಳುತ್ತೇನೆ, ಯಾಕೆಂದರೆ ಇದು ನಿಮ್ಮ ಮನೆಯಲ್ಲೂ ಆಗಬಹುದಾದದ್ದು.

ನನ್ನ ವ್ಯಾಪಾರ ಹಳೆ ಮನೆಗಳದ್ದು. ಬೆಳ್ತಂಗಡಿಯ ಕಡೆ, ನೆರಿಯದಂಥ ಘಟ್ಟದ ಬುಡದ ಊರುಗಳಲ್ಲಿ ಯಾರಾದರೂ ಹಳೆ ಮನೆ ಕೆಡವುತ್ತಾರೆಂದರೆ ಅದರ ಬಾಗಿಲು, ಬಾಗಿಲಿನ ಚೌಕಟ್ಟಾದ ದಾರಂದ, ಹಂಚು ಹೊರುವ ಪಕ್ಕಾಸು, ಹಂಚು ಎಲ್ಲವನ್ನೂ ಒಟ್ಟಿಗೆ ಕ್ರಯ ಮಾಡಿ ತರುತ್ತೇನೆ. ಪಾಣೆಮಂಗಳೂರಿನ ನನ್ನ ಯಾರ್ಡಿನಲ್ಲಿ ಅವನ್ನು ಉಜ್ಜಿ, ಎಣ್ಣೆ ಹಚ್ಚಿ ಬಂಟ್ವಾಳದಿಂದ ಮೂಡಬಿದ್ರೆಯವರೆಗೆ ಹೊಸ ಮನೆ ಕಟ್ಟುವವರಿಗೆ ಮಾರುತ್ತೇನೆ. ಶುರು ಮಾಡುವಾಗ ಕೈಯಲ್ಲಿ ಇದ್ದದ್ದು ಸಾಲದ ಒಂದು ಹಳೆ ಟೆಂಪೋ ಮಾತ್ರ. ಮರ ಬೀಟೆ ಎನ್ನುತ್ತಾರೆ, ಉಗುರಿನಲ್ಲಿ ಗೀರಿದರೆ ಹಲಸು ಎಂದು ಗೊತ್ತಾಗುತ್ತದೆ. ಹಂಚು ನೂರು ವರ್ಷದ್ದು ಎನ್ನುತ್ತಾರೆ, ತಟ್ಟಿದರೆ ನಿನ್ನೆ ಮೊನ್ನೆಯದರ ಸದ್ದು ಬರುತ್ತದೆ. ಇಂಥದ್ದರಲ್ಲಿ ಬದುಕಿದವನು ಯಾರು ಏನು ಹೇಳಿದರೂ ಮೊದಲು ನಂಬುವುದಿಲ್ಲ. ಆಮೇಲೆ ಬೇಕಾದರೆ ನಂಬಬಹುದು.

ನಮ್ಮ ಮನೆ ನರಿಕೊಂಬಿನಲ್ಲಿ. ಇರುವುದು ನಾನು ಮತ್ತು ಹೆಂಡತಿ ಇಬ್ಬರೇ. ಮಗಳನ್ನು ಮೂಡಬಿದ್ರೆಗೆ ಮದುವೆ ಮಾಡಿ ಕೊಟ್ಟಾಗಿದೆ. ಉಚಿತ ಕರೆಂಟಿನ ಯೋಜನೆ ಬಂದಾಗ ಅದರ ಲೆಕ್ಕವನ್ನು ನಾನು ಸರಿಯಾಗಿ ಕೇಳಿ ತಿಳಿದುಕೊಂಡಿದ್ದೆ. ಜನ ಸುಮ್ಮನೆ 'ಇನ್ನೂರು ಯೂನಿಟ್ಟು ಫ್ರೀ' ಎನ್ನುತ್ತಾರೆ, ಅದು ಹಾಗಲ್ಲ. ಯೋಜನೆ ಬರುವ ಮೊದಲಿನ ವರ್ಷ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅಷ್ಟು, ಅದರ ಮೇಲೆ ಶೇಕಡಾ ಹತ್ತು. ಅದು ನಿಮ್ಮ ಗೆರೆ. ನಮ್ಮದು ನೂರ ಮೂವತ್ತರ ಹತ್ತಿರ ನಿಲ್ಲುತ್ತದೆ. ಅದರೊಳಗೆ ಇದ್ದರೆ ಸೊನ್ನೆ ಬಿಲ್ಲು. ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ಇನ್ನೂರನ್ನೂ ದಾಟಿದರೆ ಮೊದಲನೆಯ ಯೂನಿಟ್ಟಿನಿಂದ ಹಿಡಿದು ಎಲ್ಲದಕ್ಕೂ ದುಡ್ಡು, ಆ ತಿಂಗಳು ಸರಕಾರ ನಿಮಗೆ ಏನೂ ಕೊಡುವುದಿಲ್ಲ. ಹಾಗಾಗಿ ನಾನು ಫ್ಯಾನಿನಿಂದ ಹಿಡಿದು ಫ್ರಿಜ್ಜಿನವರೆಗೆ ಎಲ್ಲದಕ್ಕೂ ಶಿಸ್ತು ಮಾಡಿದ್ದೆ. ಸ್ನಾನಕ್ಕೆ ಬಿಸಿಲಿನ ಹೀಟರು. ಮಳೆಗಾಲದಲ್ಲಿ ಮಾತ್ರ ಒಲೆ. ಊರಿನಲ್ಲಿ ಯಾರು ಸಿಕ್ಕಿದರೂ ನಮ್ಮ ಸೊನ್ನೆ ಬಿಲ್ಲಿನ ಸಂಗತಿ ಹೇಳುತ್ತಿದ್ದೆ. ಹಾಗೆ ಹೇಳುತ್ತ ತಿರುಗಿದ್ದೇ ಎಡವಟ್ಟಾಯಿತು ಎಂದು ಈಗ ಅನ್ನಿಸುತ್ತದೆ, ಅದು ಮುಂದೆ ಗೊತ್ತಾಗುತ್ತದೆ.

ನಮ್ಮ ಕಂಪೌಂಡಿಗೆ ತಾಗಿಕೊಂಡು ಒಂದು ಹೊಸ ಮನೆ ಎದ್ದಿತು. ಯಜಮಾನ ಗಲ್ಫಿನಲ್ಲಿ ಡ್ರೈವರು. ಅವನ ಹೆಂಡತಿ ಪಾಣೆಮಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ದಿನವೂ ಬಸ್ಸಿನಲ್ಲಿ ಬಂದು ನಿಂತು ಕಟ್ಟಿಸಿದವಳು. ನನ್ನನ್ನು ಅಣ್ಣ ಎಂದೂ ನನ್ನ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತಾಳೆ. ಕ್ರಯ ಮಾತಾಡುವುದರಲ್ಲಿ ಜಾಣೆ. ನನ್ನ ಹತ್ತಿರ ತೆಗೆದುಕೊಂಡ ಮುಂಬಾಗಿಲಿಗೆ ಅವಳು ಇಳಿಸಿದಷ್ಟು ಕ್ರಯವನ್ನು ಬೇರೆ ಯಾರೂ ಇಳಿಸಿಲ್ಲ. ಅದರ ಬೇಸರ ನನಗೆ ಸ್ವಲ್ಪ ಇತ್ತು, ಗೌರವವೂ ಇತ್ತು.

ಅವಳ ಮನೆ ಒಕ್ಕಲು, ಅಂದರೆ ಗೃಹಪ್ರವೇಶದ ಹೊತ್ತಿಗೆ ಒಂದು ತೊಂದರೆ ಆಯಿತು. ಕಟ್ಟುವಾಗ ತೆಗೆದುಕೊಂಡಿದ್ದ ತಾತ್ಕಾಲಿಕ ಕರೆಂಟು ಕಂಟ್ರಾಕ್ಟರನ ಹೆಸರಿನಲ್ಲಿತ್ತು. ಅವನು ಕೆಲಸ ಮುಗಿಯಿತೆಂದು, ಡಿಪಾಸಿಟ್ಟು ವಾಪಸು ಪಡೆಯುವ ಅವಸರದಲ್ಲಿ ಅದನ್ನು ತೆಗೆಸಿಬಿಟ್ಟ. ಹೊಸ ಮೀಟರು ಬರಬೇಕಾದರೆ ಮನೆ ನಕ್ಷೆಯ ಪ್ರಕಾರ ಪೂರ್ತಿಯಾಗಿದೆ ಎಂಬ ಪತ್ರ ಬೇಕು. ಅದು ಸಿಗಲಿಲ್ಲ, ಯಾಕೆಂದರೆ ಅದೇ ಕಂಟ್ರಾಕ್ಟರು ನಕ್ಷೆಯಲ್ಲಿಲ್ಲದ ಒಂದು ಶೀಟಿನ ಮಾಡನ್ನು, ಅಂದರೆ ಚಾವಣಿಯನ್ನು, ರಸ್ತೆಯ ಕಡೆಗೆ ಇಳಿಸಿದ್ದ. ಮುಹೂರ್ತ ನಿಗದಿಯಾಗಿತ್ತು, ಗಂಡನ ರಜೆ ಎರಡೇ ವಾರ.

ನಮ್ಮ ಕಡೆ ಒಂದು ಪದ್ಧತಿ ಉಂಟು. ಪಕ್ಕದ ಮನೆಯಲ್ಲಿ ಒಕ್ಕಲೋ ಮದುವೆಯೋ ದೈವದ ಕೋಲವೋ ಆದರೆ ಸೀರಿಯಲ್ ಲೈಟಿಗೆ, ಮೈಕಿಗೆ ನಮ್ಮ ಮನೆಯಿಂದ ಒಂದು ಲೈನು ಕೊಡುವುದು. ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ಎಷ್ಟು ಸುಟ್ಟಿತು ಎಂದು ಕೇಳುವ ಹಾಗಂತೂ ಇಲ್ಲವೇ ಇಲ್ಲ. ಕೇಳಿದರೆ 'ದೇವರ ಕೆಲಸಕ್ಕೆ ಮೀಟರು ನೋಡಿದ' ಎಂದು ಹೆಸರು ಬೀಳುತ್ತದೆ. ಆ ಹೆಸರು ಹೊತ್ತುಕೊಂಡು ನನ್ನಂಥವನು ಇನ್ನೊಬ್ಬರ ಜಗಲಿಯಲ್ಲಿ ಕೂತು ಬಾಗಿಲಿನ ಕ್ರಯ ಮಾಡುವುದು ಸಾಧ್ಯವಿಲ್ಲ. ಆದ್ದರಿಂದ ಅವಳು ಬಂದು ಕೇಳಿದಾಗ ನಾನು ಒಂದೇ ಮಾತು ಹೇಳಿದೆ.

"ಒಂದು ದಿನಕ್ಕೆ ತಾನೇ?"

"ಒಂದೇ ದಿನಕ್ಕೆ ಅಣ್ಣ. ನಿಮ್ಮ ಮೀಟರು ತಿರುಗುವ ಸದ್ದು ನಿಮಗೆ ಕೇಳುವ ಮೊದಲು ತೆಗೆಸ್ತೇನೆ," ಎಂದು ನಕ್ಕಳು.

ಲೈನು ಎಳೆದದ್ದು ಅವಳ ಮನೆಗೆ ವಯರಿಂಗ್ ಮಾಡಿದ ಎಲೆಕ್ಟ್ರಿಷಿಯನ್. ಆ ದಿನ ನಾನು ಮೂಡಬಿದ್ರೆಗೆ ಬಾಗಿಲು ಕೊಡಲು ಹೋಗಿದ್ದೆ. ಲೈನನ್ನು ಎಲ್ಲಿಗೆ ಸೇರಿಸಿದ ಎಂದು ನೋಡಲಿಲ್ಲ. ಒಕ್ಕಲಾದ ಮರುದಿನ ಅವನು ಏಣಿ ಇಟ್ಟುಕೊಂಡು ಸೀರಿಯಲ್ ಲೈಟು ಬಿಚ್ಚಿ ಸುತ್ತುತ್ತಿದ್ದದ್ದನ್ನು ನನ್ನ ಕಣ್ಣಾರೆ ಕಂಡೆ. ಬಾಳೆಹಣ್ಣು, ಹೋಳಿಗೆಯ ಕಟ್ಟು ನಮ್ಮ ಮನೆಗೆ ಬಂತು. ಲೆಕ್ಕ ಚುಕ್ತಾ ಆಯಿತು ಎಂದುಕೊಂಡೆ. ಗಂಡ ಗಲ್ಫಿಗೆ ಹಿಂತಿರುಗಿದ. ಸ್ವಲ್ಪ ದಿನದಲ್ಲಿ ಬೆಳ್ತಂಗಡಿಗೆ ಕೊಟ್ಟಿದ್ದ ಅವರ ಮಗಳು ಹೆರಿಗೆಯಾಗಿ, ಆಸ್ಪತ್ರೆಯಿಂದ ನೇರ ಈ ಹೊಸ ಮನೆಗೆ ಬಂದಳು. ಸಂಜೆ ಅವರ ಕಿಟಕಿಯಲ್ಲಿ ಬೆಳಕು ಕಾಣುತ್ತಿತ್ತು. ಮೀಟರು ಬಂದಿರಬೇಕು ಎಂದು ತಿಳಿದೆ. ಎಲ್ಲದಕ್ಕೂ ಸಂಶಯ ಪಡುವ ನಾನು ಅದಕ್ಕೆ ಮಾತ್ರ ಯಾಕೆ ಪಡಲಿಲ್ಲ ಎಂದರೆ, ಬೆಳಕು ಇರುವ ಮನೆಯನ್ನು ನೋಡಿ ಯಾರೂ ಮೀಟರು ಹುಡುಕುವುದಿಲ್ಲ.

ಹಾಗೆ ಆ ಬಿಲ್ಲು ಬಂತು. ರೀಡಿಂಗಿಗೆ ಬರುವವನು ಕೈಯಲ್ಲಿರುವ ಮೆಷಿನ್ನಿನಿಂದ ಚೀಟಿ ಹರಿದು ಕೊಟ್ಟು ಗೇಟು ದಾಟುವುದರಲ್ಲಿದ್ದ.

"ನಿಲ್ಲಿ ಮಾರಾಯ್ರೆ. ಇದು ಯಾರ ಮನೆಯ ಚೀಟಿ?"

"ನಿಮ್ಮದೇ ಅಣ್ಣ. ಹೆಸರು ನೋಡಿ."

"ಹೆಸರು ನನ್ನದೇ ಉಂಟು. ಯೂನಿಟ್ಟು ಯಾರದ್ದು? ಈ ಸಲ ನೀವು ತಡ ಮಾಡಿ ಬಂದದ್ದು ಅಲ್ವಾ?"

"ಎರಡು ದಿವಸ ತಡ. ಎರಡು ದಿವಸದಲ್ಲಿ ನೂರು ಯೂನಿಟ್ಟು ಹೋಗ್ಲಿಕ್ಕೆ ನಿಮ್ಮಲ್ಲಿ ಐಸು ಫ್ಯಾಕ್ಟರಿ ಉಂಟಾ?"

"ಮತ್ತೆ ಮೀಟರು ಜೋರು ಓಡುತ್ತದಾ?"

"ಓಡಿದರೆ ಆಫೀಸಿಗೆ ಹೇಳಿ. ಫೀಸು ಕಟ್ಟಿದರೆ ಬಂದು ಚೆಕ್ ಮಾಡ್ತಾರೆ. ಹೆಚ್ಚಿನವರು ಕಟ್ಟುವುದಿಲ್ಲ, ನನ್ನನ್ನು ಬೈದು ಬಿಡ್ತಾರೆ. ಬೈಗುಳಕ್ಕೆ ಫೀಸು ಇಲ್ಲ ನೋಡಿ," ಎಂದು ಬೈಕು ಹತ್ತಿದ.

ನನಗೆ ಮೊದಲ ಸಂಶಯ ಅವನ ಮೇಲೆ. ಎರಡನೆಯದು ಮೀಟರಿನ ಮೇಲೆ. ಮೂರನೆಯದು, ಹೇಳಬಾರದು, ನನ್ನ ಹೆಂಡತಿಯ ಮೇಲೆ. ನಾನು ಯಾರ್ಡಿಗೆ ಹೋದ ಮೇಲೆ ಅವಳು ಗುಟ್ಟಿನಲ್ಲಿ ಏನಾದರೂ ಓಡಿಸುತ್ತಾಳೋ ಎಂದು. ಬಿಲ್ಲು ತೋರಿಸಿದಾಗ ಅವಳು ಅದನ್ನು ಹಿಡಿದು ತುಂಬ ಹೊತ್ತು ನೋಡಿದಳು.

"ಸೊನ್ನೆ ಬರಲಿಲ್ವಾ?"

"ಸೊನ್ನೆ ಬಂದಿದ್ದರೆ ನಿನಗೆ ತೋರಿಸ್ತಿದ್ದೆನಾ?"

"ಮೀಟರು ಹಾಳಾಗಿರಬೇಕು," ಅಂದಳು.

ಸಾಮಾನ್ಯವಾಗಿ ನಾನು ಯಾವುದಾದರೂ ಹಾಳಾಗಿದೆ ಎಂದರೆ ಅವಳು ಅಲ್ಲ ಎನ್ನುವವಳು. ನಾನು ಹೇಳುವ ಮೊದಲೇ ಅವಳಾಗಿ ಹಾಳಾಗಿದೆ ಎಂದದ್ದು ನನಗೆ ಸರಿ ಕಾಣಲಿಲ್ಲ. ಆದರೆ ಹೆಂಡತಿ ಒಪ್ಪಿದ ಮಾತನ್ನು ಯಾಕೆ ಬಿಡಬೇಕು ಎಂದು ಅದನ್ನೇ ಹಿಡಿದುಕೊಂಡೆ.

ನಾನೇ ಒಂದು ಪರೀಕ್ಷೆ ಮಾಡಿದೆ. ನಮ್ಮ ಮೀಟರು ಇರುವುದು ಜಗಲಿಯ ಗೋಡೆಯಲ್ಲಿ. ಕರೆಂಟು ಹರಿಯುವಾಗ ಅದರಲ್ಲಿ ಒಂದು ಕೆಂಪು ಬಿಂದು ಮಿನುಗುತ್ತದೆ. ಹೆಚ್ಚು ಹರಿದರೆ ಬೇಗ ಬೇಗ, ಕಡಿಮೆಯಾದರೆ ನಿಧಾನ, ಏನೂ ಹರಿಯದಿದ್ದರೆ ಮಿನುಗುವುದೇ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಮೈನ್ ಸ್ವಿಚ್ಚು ಆಫ್ ಮಾಡಿದೆ. ಫ್ಯಾನು ನಿಂತಿತು, ಫ್ರಿಜ್ಜು ಸುಮ್ಮನಾಯಿತು. ಕೆಂಪು ಬಿಂದು ಮಾತ್ರ ಮಿನುಗುತ್ತಲೇ ಇತ್ತು. ಇಡೀ ಮನೆ ಆಫ್, ಆದರೂ ಅದು ಓಡುತ್ತಿದೆ. ಸಿಕ್ಕಿಬಿದ್ದ ಕಳ್ಳನನ್ನು ನೋಡುವ ಹಾಗೆ ನಾನು ಅದನ್ನು ನೋಡಿದೆ. ಇನ್ನೇನು ಸಾಕ್ಷಿ ಬೇಕು, ಮೀಟರೇ ಕಳ್ಳ ಎಂದು ತೀರ್ಮಾನ ಮಾಡಿದೆ. ಮರುದಿನವೇ ಆಫೀಸಿಗೆ ಹೋಗಿ ಪರೀಕ್ಷೆಯ ಫೀಸು ಕಟ್ಟಿ, ಬರುವ ದಿನ ಗೊತ್ತು ಮಾಡಿಕೊಂಡು ಬಂದೆ.

ಮನೆಗೆ ಬಂದು ಹೇಳಿದರೆ ಹೆಂಡತಿಯ ಮುಖ ಬಿಳಿಚಿತು.

"ಈಗ ಅವರನ್ನೆಲ್ಲ ಯಾಕೆ ಕರೆದದ್ದು? ಮುಂದಿನ ತಿಂಗಳು ಕರೆಯುವ."

"ಮುಂದಿನ ತಿಂಗಳು ಇನ್ನೆರಡು ಸಾವಿರ ನಿನ್ನ ತವರಿನಿಂದ ಬರ್ತದಾ?"

"ನನ್ನ ತವರಿನ ಸುದ್ದಿ ಎಂತಕ್ಕೆ? ನೀವು ತಂದು ಹಾಕಿದ ಗೆದ್ದಲು ಹಿಡಿದ ಬಾಗಿಲು ನಿಮ್ಮ ಜಗಲಿಯಲ್ಲೇ ಉಂಟು, ಅದರ ಲೆಕ್ಕ ಮಾಡಿ ಮೊದಲು."

ಮಾತು ತಿರುಗಿಸುವವರನ್ನು ನಾನು ಬದುಕಿಡೀ ನೋಡಿದವನು. ಕ್ರಯ ಕೇಳಿದಾಗ ಮರದ ಜಾತಿ ಹೇಳುವವನ ಹತ್ತಿರ ಏನೋ ಅಡಗಿದೆ. ನಾನು ಮತ್ತೆ ಏನೂ ಕೇಳಲಿಲ್ಲ. ಪರೀಕ್ಷೆಯವರು ಬರುವ ಹಿಂದಿನ ದಿನ ಯಾರ್ಡಿಗೆ ಹೋಗುತ್ತೇನೆ ಎಂದು ಹೇಳಿ, ಹೋಗದೆ ಜಗಲಿಯಲ್ಲಿ ಪೇಪರು ಹಿಡಿದು ಮೀಟರಿನ ಎದುರೇ ಕೂತೆ.

ಬೆಳಿಗ್ಗೆ ಬಿಂದು ನಿಧಾನಕ್ಕೆ ಮಿನುಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಆಚೆಮನೆಗೆ ಬಾಣಂತಿಯನ್ನು ಮೀಯಿಸುವ ಹೆಂಗಸು ಬಂದರು. ನಮ್ಮ ಗೇಟಿನ ಎದುರಿನಿಂದಲೇ ಹೋಗುವುದು, ಮಾತಾಡಿಸಿಯೇ ಹೋಗುತ್ತಾರೆ. "ಎಂತ ಅಣ್ಣ, ಇವತ್ತು ವ್ಯಾಪಾರ ಇಲ್ವಾ?" ಎಂದರು. "ಇಲ್ಲೇ ಉಂಟು," ಎಂದೆ. ಅವರು ಒಳಗೆ ಹೋದರು. ನಾನು ಎರಡು ಪುಟ ಓದಿರಬೇಕು, ಕೆಂಪು ಬಿಂದು ಒಮ್ಮೆಲೇ ಹುಚ್ಚು ಹಿಡಿದ ಹಾಗೆ ಮಿನುಗಲಿಕ್ಕೆ ಶುರುವಾಯಿತು. ನಮ್ಮಲ್ಲಿ ಹೆಂಡತಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ಮಿಕ್ಸಿಯೂ ಓಡುತ್ತಿರಲಿಲ್ಲ. ಕಂಪೌಂಡಿನ ಆಚೆಯಿಂದ ಬಾಣಂತಿಯ ಮೈಗೆ ನೀರು ಸುರಿಯುವ ಸದ್ದು, ಮಗು ಅಳುವ ಸದ್ದು ಕೇಳಿತು. ನೀರು ಸುರಿದಷ್ಟು ಹೊತ್ತೂ ಬಿಂದು ಓಡಿತು. ಬಾಣಂತಿಯ ಮೀಯುವಿಕೆ ಎಂದರೆ ನಿಮಗೆ ಗೊತ್ತಲ್ಲ, ಒಂದು ಬಾಲ್ದಿ ಎರಡು ಬಾಲ್ದಿಯ ಕೆಲಸವಲ್ಲ. ಹಿಂದೆ ಹಂಡೆಗಟ್ಟಲೆ ಕಾಯಿಸುತ್ತಿದ್ದದ್ದನ್ನು ಈಗ ಗೀಸರಿನಲ್ಲಿ ಮತ್ತೆ ಮತ್ತೆ ತುಂಬಿಸಿ ಕಾಯಿಸುವುದು.

ಎದ್ದು ಕಂಪೌಂಡಿನ ಬುಡಕ್ಕೆ ಹೋದೆ. ಕೆಂಪುಕಲ್ಲಿನ ಗೋಡೆಗೆ ತಾಗಿಕೊಂಡು ಒಂದು ಕಪ್ಪು ಪೈಪು ಹೋಗಿತ್ತು. ಗಿಡಕ್ಕೆ ನೀರು ಬಿಡುವ ಪೈಪು ಎಂದು ನಾನು ದಿನವೂ ಅದನ್ನು ದಾಟಿ ಹೋಗುತ್ತಿದ್ದವನು. ಅದರ ತುದಿ ನಮ್ಮ ಜಗಲಿಯ ಹಿಂದಿನಿಂದ ಮೇಲೇರಿ ಮೀಟರಿನ ಪೆಟ್ಟಿಗೆಯ ಬೆನ್ನಿಗೆ ಸೇರಿತ್ತು. ಮೀಟರಿನಿಂದ ಹೊರಟ ಕರೆಂಟು ಮೈನ್ ಸ್ವಿಚ್ಚಿಗೆ ಮುಟ್ಟುವ ಮೊದಲೇ ಅಲ್ಲಿಂದ ಜೋಡಣೆ. ಒಕ್ಕಲಿನ ದಿನ ಲೈಟಿನ ಭಾರಕ್ಕೆ ನಮ್ಮ ಮನೆಯ ಕರೆಂಟು ಹೋಗಬಾರದು ಎಂದು ಆ ಎಲೆಕ್ಟ್ರಿಷಿಯನ್ ಹಾಗೆ ಮಾಡಿದ್ದನಂತೆ. ಸೀರಿಯಲ್ ಲೈಟು ಬಿಚ್ಚಿದ್ದ, ಲೈನು ಬಿಚ್ಚಿರಲಿಲ್ಲ. ಮೀಟರಿನದ್ದು ಒಂದು ತಪ್ಪೂ ಇರಲಿಲ್ಲ. ನಾನು ಮೈನ್ ಆಫ್ ಮಾಡಿ ಅದನ್ನು ಕಳ್ಳ ಎಂದದ್ದು ಸುಮ್ಮನೆ.

ಕಟಿಂಗ್ ಪ್ಲೇಯರ್ ತೆಗೆದುಕೊಂಡು ಪೈಪಿನ ಜಾಡು ಹಿಡಿದು ಆಚೆ ಹಿತ್ತಿಲಿಗೆ ದಾಟಿದೆ. ಹಿಂದಿನಿಂದ ಹೆಂಡತಿ ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ ಓಡಿ ಬಂದಳು.

"ಅದನ್ನು ಮುಟ್ಟಬೇಡಿ. ನಾನೇ ಇರಲಿ ಅಂದದ್ದು."

"ನೀನಾ?"

"ಹೌದು. ಲೈನು ತೆಗೆದರೆ ಆಚೆಮನೆಯ ಮಗಳು ಆಸ್ಪತ್ರೆಯಿಂದ ಬರುವಾಗ ಅವರಲ್ಲಿ ಕರೆಂಟು ಇಲ್ಲ. ತಾಯಿ ನನ್ನತ್ರ ಬಂದು ಅತ್ತಳು. ನಲ್ವತ್ತು ದಿವಸ ಆಗುವವರೆಗೆ ಇರಲಿ ಅಂದೆ."

"ನನ್ನತ್ರ ಒಂದು ಮಾತು?"

"ನಿಮ್ಮತ್ರ ಹೇಳಿದರೆ ನೀವು ಕ್ರಯ ಮಾಡ್ತೀರಿ. ಮತ್ತೆ ನೀವೇ ಊರಿಡೀ ಹೇಳಿಕೊಂಡು ಬರುವುದಲ್ವಾ, ನಮ್ಮಲ್ಲಿ ನೂರ ಇಪ್ಪತ್ತು ದಾಟುವುದಿಲ್ಲ ಅಂತ? ಇನ್ನೂರು ಫ್ರೀ ಇರುವಾಗ ಉಳಿದ ಎಂಬತ್ತು ಯಾರಿಗೆ? ಸುಮ್ಮನೆ ಹಾಳಾಗುವುದು, ಒಂದು ಬಾಣಂತಿಗಾದರೂ ಆಗಲಿ ಅಂತ ಕೊಟ್ಟೆ."

ನನಗೆ ಸಿಟ್ಟು ಬಂತು, ಬಂದಷ್ಟೇ ಬೇಗ ನನ್ನ ಮೇಲೆಯೇ ತಿರುಗಿತು. ನಾನು ಊರಿಗೆಲ್ಲ ಹೇಳುತ್ತಿದ್ದದ್ದು ಸೊನ್ನೆಯ ಸುದ್ದಿ ಮಾತ್ರ, ಗೆರೆಯ ಲೆಕ್ಕವನ್ನಲ್ಲ. ನಮ್ಮ ಪಾಲು ನೂರ ಮೂವತ್ತು ಮಾತ್ರ, ಇನ್ನೂರಲ್ಲ, ಉಳಿತಾಯ ಎಂಬುದು ಇದರಲ್ಲಿ ಇಲ್ಲವೇ ಇಲ್ಲ ಎಂದು ನನ್ನ ಮನೆಯಲ್ಲಿ ಹೇಳಿದವರು ಯಾರೂ ಇರಲಿಲ್ಲ. ಅವಳು ಅದನ್ನು ಮಿಕ್ಕಿದ ಅನ್ನದ ಹಾಗೆ ತಿಳಿದು ಪಕ್ಕದ ಮನೆಗೆ ಬಡಿಸಿದ್ದಳು.

ಅಷ್ಟರಲ್ಲಿ ಆಚೆಮನೆಯವಳು ಹಿತ್ತಿಲಿಗೆ ಬಂದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅವಳಿಗೆ ಎಲ್ಲ ಗೊತ್ತಾಯಿತು.

"ಅಣ್ಣ, ನಾನು ಬಿಲ್ಲು ಕೊಡ್ತೇನೆ ಅಂತ ಮೊದಲ ದಿವಸವೇ ಅಕ್ಕನತ್ರ ಹೇಳಿದ್ದೆ. ಸೊನ್ನೆಗೆ ನೀನೆಂತ ಕೊಡುವುದು ಅಂತ ಅವರು ನಗಾಡಿದ್ರು. ಈಗ ಎಷ್ಟಾಯ್ತು ಹೇಳಿ, ಒಳಗಿಂದ ತರ್ತೇನೆ."

"ದುಡ್ಡಿನ ವಿಷಯ ಆಮೇಲೆ. ನಾಳೆ ಆಫೀಸಿನವರು ಬರ್ತಾರೆ, ಅದಕ್ಕೆಂತ ಮಾಡುವುದು?"

"ನಾಳೆಯಾ? ಯಾರು ಕರೆದದ್ದು?"

"ನಾನೇ. ದುಡ್ಡು ಕಟ್ಟಿ ಕರೆದದ್ದು."

ಅವಳು ನಗಲಿಲ್ಲ. ಒಂದು ಮನೆಯ ಮೀಟರಿನಿಂದ ಇನ್ನೊಂದು ಮನೆಗೆ ಕರೆಂಟು ಕೊಡುವುದು ಒಕ್ಕಲಿನ ದಿನ ಊರಿನ ಪದ್ಧತಿ, ಕಾನೂನಿನಲ್ಲಿ ಯಾವ ದಿನವೂ ಅಪರಾಧ. ದಂಡ ಬೀಳುವುದು ನನಗೆ, ಆದರೆ ಅವಳ ಹೆಸರಿನಲ್ಲಿ ಒಂದು ಕೇಸು ದಾಖಲಾದರೆ ಹೊಸ ಮೀಟರು ಇನ್ನಷ್ಟು ದೂರ. ನಮ್ಮ ಮನೆಗೆ ಮಗಳನ್ನು ಕರೆದುಕೊಂಡು ಬಾ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಬಾಣಂತಿ ಮನೆ ಬಿಟ್ಟು ಹೋಗುವ ಹಾಗಿಲ್ಲ, ಹೆರಿಗೆಯ ಸೂತಕ ಇರುವಾಗ ಇನ್ನೊಬ್ಬರ ಮನೆಗೆ ಬರುವ ಹಾಗಂತೂ ಇಲ್ಲವೇ ಇಲ್ಲ, ಒಕ್ಕಲಾದ ಹೊಸ ಮನೆಯನ್ನು ದೀಪವಿಲ್ಲದೆ ಬಿಡುವ ಹಾಗೂ ಇಲ್ಲ. ಒಳಗಿಂದ ಮಗು ಮತ್ತೆ ಅತ್ತಿತು. ಮೀಯಿಸುವ ಹೆಂಗಸು ಕಿಟಕಿಯಿಂದಲೇ, "ನೀರು ಇನ್ನೂ ಬೇಕು, ಯಾರಾದರೂ ಸ್ವಿಚ್ಚು ಮುಟ್ಟಿದರೆ ನೋಡಿ ಮತ್ತೆ," ಎಂದರು. ಯಾರಿಗೆ ಹೇಳಿದರೋ, ನನಗೇ ಇರಬೇಕು.

ನಾನು ಪ್ಲೇಯರನ್ನು ಕಿಸೆಗೆ ಹಾಕಿದೆ. "ಇವತ್ತಿನ ಮೀಯುವುದು ಮುಗಿಯಲಿ," ಎಂದೆ.

ಯಾರ್ಡಿಗೆ ಹೋಗಿ ನೋಡಿದೆ. ನೆರಿಯದ ಕಡೆಯ ಒಂದು ಮನೆಯಿಂದ ಬಂದ ತಾಮ್ರದ ಹಂಡೆ ಒಂದು ಗಿರಾಕಿಗಾಗಿ ಕಾಯುತ್ತಿತ್ತು. ಅಲಂಕಾರಕ್ಕೆಂದು ಮೂಡಬಿದ್ರೆಯವರೊಬ್ಬರು ಕೇಳಿಟ್ಟಿದ್ದರು, ಅದರಲ್ಲಿ ಗಿಡ ನೆಡುತ್ತಾರಂತೆ. ಹಂಡೆಯನ್ನೂ ಕೊಳೆತ ಪಕ್ಕಾಸಿನ ತುಂಡುಗಳನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದೆ. ಅವಳ ಹಿತ್ತಿಲಿನಲ್ಲಿ ಕೆಂಪುಕಲ್ಲು ಇಟ್ಟು ಒಲೆ ಮಾಡಿದೆವು. ಮಗು ಮಲಗುವ ಕೋಣೆಗೆ ಒಂದು ಚಾರ್ಜಿಂಗ್ ಫ್ಯಾನು, ಎರಡು ಚಾರ್ಜಿಂಗ್ ಲೈಟು. ಅವನ್ನು ದಿನವೂ ನಮ್ಮ ಮನೆಗೆ ತಂದು ಚಾರ್ಜು ಮಾಡಿ ಹೊತ್ತುಕೊಂಡು ಹೋಗುವುದು. ನೆರೆಯವರ ಮೊಬೈಲು ನಮ್ಮಲ್ಲಿ ಚಾರ್ಜು ಮಾಡಿದ ಹಾಗೆ ಅದು, ಅದಕ್ಕೆ ಯಾವ ಆಫೀಸೂ ಬರುವುದಿಲ್ಲ. ಹಂಡೆ ನೋಡಿ ಮೀಯಿಸುವ ಹೆಂಗಸಿಗೆ ಎಲ್ಲರಿಗಿಂತ ಖುಷಿ. "ಆ ಗೀಸರಿನಲ್ಲಿ ಎಂತ ನೀರು, ಮೈಗೆ ತಾಗುವುದೇ ಇಲ್ಲ. ಇಷ್ಟು ದಿವಸ ಇದನ್ನು ಎಲ್ಲಿ ಮುಚ್ಚಿಟ್ಟಿದ್ದಿರಿ?" ಎಂದು ನನ್ನನ್ನೇ ಕೇಳಿದರು.

ಸಂಜೆಯಾಗುವ ಮೊದಲು ನನಗೆ ಗೊತ್ತಿರುವ ಬೇರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಲೈನು ಬಿಚ್ಚಿಸಿದೆ. ಹಳಬನನ್ನು ಕರೆಯಲಿಲ್ಲ. ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತೆ. ಮೈನ್ ಆಫ್ ಮಾಡಿ ನೋಡಿದೆ. ಕೆಂಪು ಬಿಂದು ನಿಂತಿತು.

ಮರುದಿನ ಆಫೀಸಿನವರು ಬಂದು ತಮ್ಮ ಸಾಧನ ಜೋಡಿಸಿ ನೋಡಿ, "ಮೀಟರು ಸರಿ ಉಂಟು," ಎಂದರು. ಹೌದು, ಎಂದೆ. ಸಹಿ ಹಾಕಿದೆ. ಫೀಸು ಹೋಯಿತು. ಬಂದವರಲ್ಲಿ ಒಬ್ಬ ಪೆಟ್ಟಿಗೆಯ ಬೆನ್ನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ ಹಾಗೆ ಕಂಡಿತು. ಏನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದು ನನಗೆ ಇನ್ನೂ ಸಂಶಯವೇ.

ಉಳಿದದ್ದು ಕಂಟ್ರಾಕ್ಟರು. ಅವಳು ಫೋನು ಮಾಡಿದರೆ ಎತ್ತುವುದಿಲ್ಲ, ನಾನು ಮಾಡಿದೆ.

"ಆ ಮನೆಯ ಮುಂದಿನ ಶೀಟಿನ ಮಾಡು ತೆಗೆಸುವುದು ಯಾವಾಗ?"

"ಅದು ಅವರೇ ಹೇಳಿ ಹಾಕಿಸಿದ್ದು ಮಾರಾಯ್ರೆ."

"ನಕ್ಷೆ ಮಾಡಿಸಿದ್ದು ನೀವು, ಕಟ್ಟಿದ್ದೂ ನೀವು. ಅವರಿಗೆ ಎಂತ ಗೊತ್ತು? ಒಂದು ಬಾಣಂತಿ ಹಿತ್ತಿಲಿನ ಒಲೆಯಲ್ಲಿ ನೀರು ಕಾಯಿಸಿ ಮೀಯ್ತಾಳೆ ನಿಮ್ಮ ಡಿಪಾಸಿಟ್ಟಿನಿಂದಾಗಿ. ನಿಮ್ಮ ಮುಂದಿನ ಮೂರು ಮನೆಗೆ ಬಾಗಿಲು ನನ್ನ ಯಾರ್ಡಿನಿಂದ ಅಲ್ವಾ? ಆ ಮೂರು ಮನೆಯವರೂ ಬಾಗಿಲು ನೋಡ್ಲಿಕ್ಕೆ ನನ್ನಲ್ಲಿಗೇ ಬರುವುದು. ನಾನು ಸುಮ್ಮನೆ ಕೂತು ಮಾತಾಡುವವನು, ನಿಮಗೆ ಗೊತ್ತುಂಟು."

"ಶೀಟು ತೆಗೆದರೆ ನನಗೆ ನಷ್ಟ," ಎಂದ.

"ತೆಗೆದ ಶೀಟನ್ನು ನಾನು ಕೊಳ್ತೇನೆ. ಕ್ರಯ ಮಾತಾಡುವ."

ಅವನು ಆಳು ಕಳಿಸಿ ಮಾಡನ್ನು ತೆಗೆಸಿದ. ಶೀಟನ್ನು ಅರ್ಧ ಕ್ರಯಕ್ಕಿಂತ ಕಡಿಮೆಗೆ ತೆಗೆದುಕೊಂಡೆ, ಅದರಲ್ಲಿ ನನ್ನ ಫೀಸಿನ ಒಂದು ಭಾಗ ಹುಟ್ಟಿತು. ಪತ್ರ ಸಿಕ್ಕಿತು, ಅರ್ಜಿ ಹೋಯಿತು, ನಲ್ವತ್ತು ದಿನ ಕಳೆದು ಮಗುವಿಗೆ ಹೆಸರಿಟ್ಟ ಮೇಲೆ ಮೀಟರು ಬಂತು. ಹೊಸ ಮನೆಗೆ ಹಳೆ ಸರಾಸರಿ ಇಲ್ಲವಾದ್ದರಿಂದ ಅವಳಿಗೆ ಸಿಗುವ ಉಚಿತ ಯೂನಿಟ್ಟು ನಮಗಿಂತ ಕಡಿಮೆ. ಅದನ್ನು ಅವಳಿಗೆ ಮೊದಲ ದಿನವೇ ಹೇಳಿದೆ, ನನ್ನ ಹೆಂಡತಿಯ ಎದುರಿನಲ್ಲೇ. ಬಿಲ್ಲಿನ ದುಡ್ಡನ್ನು ಅವಳು ತಂದುಕೊಟ್ಟಳು. ಹೆಂಡತಿ ನನ್ನ ಮುಖ ನೋಡಿದಳು. ನಾನು ಅರ್ಧ ತೆಗೆದುಕೊಂಡೆ. ಪೂರ್ತಿ ತೆಗೆದುಕೊಳ್ಳಬೇಕಿತ್ತು ಎಂದು ಆಚೆಮನೆಯವಳು ಈಗಲೂ ಹೇಳುತ್ತಾಳೆ, ತೆಗೆದುಕೊಳ್ಳಲೇಬಾರದಿತ್ತು ಎಂದು ಹೆಂಡತಿ.

ಈಗ ನಿಮಗೆ. ನಿಮ್ಮ ಬಿಲ್ಲಿನಲ್ಲಿ ನಿಮ್ಮ ಮನೆಯ ಉಚಿತ ಯೂನಿಟ್ಟು ಎಷ್ಟೆಂದು ಬರೆದಿರುತ್ತದೆ, ಅದನ್ನು ಮನೆಯವರಿಗೆಲ್ಲ ಓದಿ ಹೇಳಿ. ಇನ್ನೂರು ಎಂಬ ಮಾತನ್ನು ಮನೆಯಲ್ಲಿ ಬಾಯಿಬಿಟ್ಟು ಆಡಬೇಡಿ. ಬಿಲ್ಲು ಏರಿದರೆ ಮೈನ್ ಆಫ್ ಮಾಡಿ ನೋಡಿ. ಬಿಂದು ನಿಲ್ಲದಿದ್ದರೆ ಮೀಟರನ್ನು ಬೈಯುವ ಮೊದಲು, ಫೀಸು ಕಟ್ಟುವ ಮೊದಲು, ಅದರ ಪೆಟ್ಟಿಗೆಯ ಬೆನ್ನು ನೋಡಿ, ಕಂಪೌಂಡಿನ ಸುತ್ತ ಒಮ್ಮೆ ನಡೆಯಿರಿ, ನಿಮಗೆ ಗೊತ್ತಿಲ್ಲದ ಪೈಪಿದ್ದರೆ ಕೇಳಿ. ಮೊದಲು ಹೆಂಡತಿಯನ್ನು ಕೇಳಿ, ಸಂಶಯದ ದನಿಯಲ್ಲಿ ಅಲ್ಲ. ಪಕ್ಕದ ಮನೆಯಲ್ಲಿ ಒಕ್ಕಲಿದ್ದು ಲೈನು ಕೇಳಿದರೆ, ಜನರೇಟರಿನ ಬಾಡಿಗೆಯಲ್ಲಿ ಪಾಲು ಕೊಡುತ್ತೇನೆ ಎನ್ನಿ. ಹೆಸರೂ ಉಳಿಯುತ್ತದೆ, ಮೀಟರೂ ಉಳಿಯುತ್ತದೆ. ಆ ಮನೆಗೆ ಬಾಣಂತಿ ಬರುವುದಿದ್ದರೆ, ಮನೆ ಪೂರ್ತಿಯಾದ ಪತ್ರ ಕೈಗೆ ಬಂತೋ ಎಂದು ಮುಹೂರ್ತಕ್ಕೆ ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಕಂಟ್ರಾಕ್ಟರನಿಗೆ ಕಡೆಯ ಕಂತು ಕೊಡಬೇಡಿ ಎಂದು ಅವರಿಗೆ ಹೇಳಿ. ಹೊಸ ಮೀಟರು ಗೋಡೆಗೆ ಬಂದ ಮೇಲೆಯೇ ಹಳೆಯ ಕರೆಂಟು ತೆಗೆಯಬೇಕು. ಅಷ್ಟರವರೆಗೆ ನೀರು ಕಾಯಿಸಲಿಕ್ಕೆ ಹಂಡೆ ಬೇಕಾದರೆ ಪಾಣೆಮಂಗಳೂರಿನ ಕಡೆ ಬನ್ನಿ. ಬಾಣಂತಿಗೆ ಎಂದು ಹೇಳಿದರೆ ಬಾಡಿಗೆ ಇಲ್ಲ, ಆದರೆ ಬಾಣಂತಿ ಇರುವುದು ನಿಜವೋ ಎಂದು ನಾನು ಒಮ್ಮೆ ಬಂದು ನೋಡುತ್ತೇನೆ.